ಅಪರಿಚಿತ ಪ್ರೊಟೀನನ್ನು ಚುರುಕುಗೊಳಿಸಲು ಯಾವ ರಾಸಾಯನಿಕ? ಫಾರ್ಸ್ಕೊಲಿನ್, ಪಿಎಂಎ, ಅಯನೊಮೈಸಿನ್, ಅನಿಸೊಮೈಸಿನ್, ಇನ್ಸುಲಿನ್‌ಗಳ ಹೋಲಿಕೆ

ಬೇರೆ ಪ್ರೊಟೀನ್‌ಗಳ ಮೇಲೆ ಫಾಸ್ಫೇಟ್ ಕೂರಿಸುವ ಕಿಣ್ವಗಳು, ಅಂದರೆ ಪ್ರೊಟೀನ್ ಕೈನೇಸ್‌ಗಳು, ಮನುಷ್ಯನ ಜೀನೋಮಿನಲ್ಲಿ 518 ಇವೆ ಎಂಬ ಪಟ್ಟಿ 2002ರಲ್ಲಿ ಪ್ರಕಟವಾಯಿತು. ಇಷ್ಟು ವರ್ಷ ಕಳೆದರೂ ಅವುಗಳಲ್ಲಿ ಬಹಳಷ್ಟರ ಹೆಸರು ಗೊತ್ತೇ ಹೊರತು ಕೆಲಸ ಗೊತ್ತಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2014ರಲ್ಲಿ ಇಂಥ ಪ್ರೊಟೀನ್‌ಗಳಿಗೆಂದೇ ಒಂದು ಯೋಜನೆ ಆರಂಭಿಸಿದ ಮೇಲೆ ಅವುಗಳನ್ನು ಪ್ರಾಜೆಕ್ಟಿಗೆ ಆರಿಸಿಕೊಳ್ಳುವವರು ಹೆಚ್ಚಿದ್ದಾರೆ. ಮಾನಸಗಂಗೋತ್ರಿಯಲ್ಲೋ, ಜೆಎಸ್‌ಎಸ್‌ನಲ್ಲೋ, ಸಿಎಫ್‌ಟಿಆರ್‌ಐನಲ್ಲೋ, ಮಂಡ್ಯದ ಕಾಲೇಜೊಂದರ ಲ್ಯಾಬಿನಲ್ಲೋ ಸೆಲ್ ಕಲ್ಚರ್ ಮಾಡುವವರಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: ಇದನ್ನು ಚುರುಕುಗೊಳಿಸುವುದು ಹೇಗೆ?

ನೇರ ದಾರಿ ಇರುವುದಿಲ್ಲ. ಯಾವ ಅಣು ಅಂಟಿಕೊಂಡರೆ ಈ ಪ್ರೊಟೀನ್ ಏಳುತ್ತದೆ ಎಂದೇ ಗೊತ್ತಿಲ್ಲದಾಗ ಅದಕ್ಕೆಂದೇ ತಯಾರಾದ ರಾಸಾಯನಿಕ ಎಲ್ಲಿ ಸಿಗಬೇಕು? ಆದ್ದರಿಂದ ಮೇಲಿನಿಂದ ಬರಬೇಕಾಗುತ್ತದೆ. ಚೆನ್ನಾಗಿ ಗೊತ್ತಿರುವ ಒಂದು ಸಂಕೇತ ಮಾರ್ಗವನ್ನು ಚೆನ್ನಾಗಿ ಗೊತ್ತಿರುವ ಒಂದು ರಾಸಾಯನಿಕದಿಂದ ಕೆರಳಿಸಿ, ನಮ್ಮ ಪ್ರೊಟೀನ್ ಅದಕ್ಕೆ ಓಗೊಡುತ್ತದೆಯೇ ಎಂದು ನೋಡುವುದು. ಇಲ್ಲಿ ಹೋಲಿಸುತ್ತಿರುವುದು ಇಂಥ ಐದು ರಾಸಾಯನಿಕಗಳನ್ನು.

ಆಯ್ಕೆಯಲ್ಲಿ ಹೆಚ್ಚಿನವರು ಜೋರಾದದ್ದನ್ನು ಹುಡುಕುತ್ತಾರೆ. ನಮ್ಮ ಅಳತೆಗೋಲು ಬೇರೆ. ಮೂರು ವಸ್ತುಗಳು ಜೊತೆಗೆ ಸಿಗುತ್ತವೆಯೇ ಎಂದು ನೋಡಿ: ರಚನೆಯಲ್ಲಿ ಹೆಚ್ಚುಕಡಿಮೆ ಅದೇ ಆಗಿದ್ದು ಕೆಲಸ ಮಾಡದ ಜೋಡಿ ಅಣು, ಆ ಮಾರ್ಗವನ್ನು ತಡೆಯುವ ಇನ್‌ಹಿಬಿಟರ್, ಮತ್ತು ಮಾರ್ಗ ನಿಜಕ್ಕೂ ತೆರೆದಿದೆ ಎಂದು ತೋರಿಸುವ ಪರಿಚಿತ ಗುರುತು. ಈ ಮೂರೂ ಇರುವ ಸೌಮ್ಯ ರಾಸಾಯನಿಕ, ಇವು ಇಲ್ಲದ ಬಲಶಾಲಿ ರಾಸಾಯನಿಕಕ್ಕಿಂತ ಮೇಲು. ಅಪರಿಚಿತ ಪ್ರೊಟೀನಿನ ವಿಷಯದಲ್ಲಿ ಬ್ಲಾಟ್ ಮೇಲೆ, ಅಂದರೆ ಜೆಲ್‌ನಲ್ಲಿ ಬೇರ್ಪಡಿಸಿದ ಪ್ರೊಟೀನನ್ನು ಆಂಟಿಬಾಡಿಯಿಂದ ಗುರುತಿಸುವ ಮೆಂಬ್ರೇನ್ ಮೇಲೆ, ಬ್ಯಾಂಡ್ ಕಾಣಿಸುವುದು ಸುಲಭ. ಅದು ಏಕೆ ಬಂತೆಂದು ಹೇಳುವುದೇ ಕಷ್ಟ.

ಆರ್ಡರ್ ಕೊಡುವ ಮುನ್ನ

ಮೊದಲು ಫಾಸ್ಫೊಸೈಟ್‌ಪ್ಲಸ್ ಮತ್ತು ಯುನಿಪ್ರಾಟ್ ಎಂಬ ಆನ್‌ಲೈನ್ ಪ್ರೊಟೀನ್ ಪಟ್ಟಿಗಳಲ್ಲಿ ನಿಮ್ಮ ಪ್ರೊಟೀನಿನ ಪುಟ ತೆರೆಯಿರಿ. ಯಾರೂ ಅಧ್ಯಯನ ಮಾಡದ ಪ್ರೊಟೀನಿಗೂ ಮಾಸ್ ಸ್ಪೆಕ್ಟ್ರೊಮೆಟ್ರಿಯಲ್ಲಿ ಸಿಕ್ಕ ಫಾಸ್ಫೇಟ್ ಜಾಗಗಳ ಪಟ್ಟಿ ಸಾಮಾನ್ಯವಾಗಿ ಇರುತ್ತದೆ. ಆ ಜಾಗದ ಅಕ್ಕಪಕ್ಕದ ಅಮೈನೊ ಆಮ್ಲಗಳೇ ಸುಳಿವು. ಸೀರೀನ್‌ಗೆ ಎರಡು ಮತ್ತು ಮೂರು ಸ್ಥಾನ ಹಿಂದೆ ಅರ್ಜಿನೀನ್‌ಗಳಿದ್ದರೆ ಅಲ್ಲಿ ಫಾಸ್ಫೇಟ್ ಕೂರಿಸುವ ಕೈನೇಸ್ ಪಿಕೆಎ ಇರಬಹುದು, ಹಾಗಾದರೆ ಫಾರ್ಸ್ಕೊಲಿನ್. ಮೂರು ಮತ್ತು ಐದು ಸ್ಥಾನ ಹಿಂದೆ ಅರ್ಜಿನೀನ್ ಇದ್ದರೆ ಎಕೆಟಿ, ಆಗ ಇನ್ಸುಲಿನ್. ಸೀರೀನ್ ಅಥವಾ ತ್ರಿಯೋನೀನ್ ಆದ ಕೂಡಲೇ ಪ್ರೋಲೀನ್ ಇದ್ದರೆ ಮ್ಯಾಪ್ ಕೈನೇಸ್‌ಗಳು (ಇಆರ್‌ಕೆ, ಪಿ38, ಜೆಎನ್‌ಕೆ) ಅಥವಾ ಸೈಕ್ಲಿನ್ ಜೊತೆ ಸೇರಿ ಕೆಲಸ ಮಾಡುವ ಸಿಡಿಕೆಗಳು. ಈಜಿಎಫ್ (ಕೋಶ ಬೆಳೆಯಲು ಹೇಳುವ ಒಂದು ಪ್ರೊಟೀನ್), ಪಿಎಂಎ, ಅನಿಸೊಮೈಸಿನ್ ಈ ಗುಂಪಿಗೆ. ಮುಂದೆ ಹಿಂದೆ ಎರಡೂ ಕಡೆ ಲೈಸೀನ್, ಅರ್ಜಿನೀನ್ ತುಂಬಿದ್ದರೆ ಪಿಕೆಸಿ ಎಂಬ ಕೈನೇಸ್, ಆಗಲೂ ಪಿಎಂಎ. ಇವೆಲ್ಲ ಊಹೆಗಳೇ, ತೀರ್ಪಲ್ಲ. ಆದರೂ ಐದು ರಾಸಾಯನಿಕಗಳಲ್ಲಿ ಎರಡಕ್ಕೆ ಇಳಿಯಲು ಇಷ್ಟು ಸಾಕು.

ಎರಡನೆಯದು, ಕೋಶದ ಜಾತಕ. ಪುಣೆಯ ಕೋಶ ಭಂಡಾರ ಎನ್‌ಸಿಸಿಎಸ್‌ನಿಂದ ತರಿಸಿದ ಕೋಶ ಯಾವುದಾದರೂ ಆಗಿರಲಿ, ಅದರಲ್ಲಿ ಯಾವ ಮಾರ್ಗ ಮೊದಲೇ ಮುರಿದಿದೆ ಎಂದು ತಿಳಿದಿರಬೇಕು. ಹೀಲಾ ಮತ್ತು ಎ549 ಕೋಶಗಳಲ್ಲಿ ಎಎಂಪಿಕೆ ಎಂಬ ಕೈನೇಸನ್ನು ಎಬ್ಬಿಸುವ ಎಲ್‌ಕೆಬಿ1 ಇಲ್ಲ. ಅವುಗಳಲ್ಲಿ ಎಎಂಪಿಕೆಯ ಉತ್ತೇಜಕ ಐಕಾರ್ ಹಾಕಿ ಎಎಂಪಿಕೆ ಏಳಲಿಲ್ಲ ಎಂದು ಪೇಚಾಡುವುದು ವ್ಯರ್ಥ. ಜರ್ಕ್ಯಾಟ್ ಕೋಶಗಳಲ್ಲಿ ಎಕೆಟಿಗೆ ಕಡಿವಾಣ ಹಾಕುವ ಪಿಟೆನ್ ಇಲ್ಲ, ಹಾಗಾಗಿ ಎಕೆಟಿ ಸದಾ ಏರಿಯೇ ಇರುತ್ತದೆ. ಅಲ್ಲಿ ಇನ್ಸುಲಿನ್ ಪ್ರಯೋಗಕ್ಕೆ ಅರ್ಥವಿಲ್ಲ. ಎ549 ಮತ್ತು ಎಚ್‌ಸಿಟಿ116ರಲ್ಲಿ ಇಆರ್‌ಕೆಗಿಂತ ಮೇಲಿರುವ ಕೆ-ರಾಸ್‌ನ ರೂಪಾಂತರವಿದೆ, ಎಂಸಿಎಫ್-7ರಲ್ಲಿ ಎಕೆಟಿಗಿಂತ ಮೇಲಿರುವ ಪಿಐ3-ಕೈನೇಸಿನ ರೂಪಾಂತರವಿದೆ. ಮೊದಲ ಸುತ್ತಿಗೆ ಎಚ್‌ಇಕೆ293 ಒಳ್ಳೆಯದು. ಇವು ಪ್ಲೇಟಿಗೆ ಸಡಿಲವಾಗಿ ಅಂಟುತ್ತವೆ ಎಂಬುದೊಂದೇ ತೊಂದರೆ. ಪಾಲಿ-ಲೈಸೀನ್ ಲೇಪಿಸಿದರೆ ನಿಲ್ಲುತ್ತವೆ.

ಫಾರ್ಸ್ಕೊಲಿನ್

ನಮ್ಮ ರಾಜ್ಯದ ರೈತರು ಬೆಳೆಯುವ ಮಾಕಂದಿ ಬೇರಿನಿಂದ, ಅಂದರೆ ಕೋಲಿಯಸ್ ಫಾರ್ಸ್ಕೊಹ್ಲಿ ಗಿಡದ ಬೇರಿನಿಂದ, ಬರುವ ವಸ್ತು ಇದು. 1970ರ ದಶಕದಲ್ಲಿ ಭಾರತದ ಪ್ರಯೋಗಾಲಯಗಳಲ್ಲೇ ಇದನ್ನು ಬೇರ್ಪಡಿಸಿದರು. ಕೋಶದ ಪೊರೆಯಲ್ಲಿರುವ ಅಡೆನೈಲೈಲ್ ಸೈಕ್ಲೇಸ್ ಎಂಬ ಕಿಣ್ವಕ್ಕೆ ನೇರವಾಗಿ ಅಂಟಿ, ಪಿಕೆಎಯನ್ನು ಎಬ್ಬಿಸುವ ಸಂಕೇತ ಅಣು ಸೈಕ್ಲಿಕ್ ಎಎಂಪಿಯನ್ನು ಹೆಚ್ಚಿಸುತ್ತದೆ. ರಿಸೆಪ್ಟರ್‌ನ ಹಂಗಿಲ್ಲದ ಕಾರಣ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ನಡೆಯುತ್ತದೆ. ಒಂಬತ್ತನೇ ನಮೂನೆಯ ಸೈಕ್ಲೇಸ್ ಮಾತ್ರ ಇದಕ್ಕೆ ಸರಿಯಾಗಿ ಸ್ಪಂದಿಸದು. ಪೊರೆಯಲ್ಲಿಲ್ಲದ, ದ್ರವದಲ್ಲಿರುವ ಸೈಕ್ಲೇಸ್‌ಗೂ ಇದು ತಾಗದು.

ಅಣುತೂಕ 410.5. 10 ಮಿಲಿಗ್ರಾಂ ಶೀಶೆಗೆ 2.44 ಮಿಲಿಲೀಟರ್ ಡಿಎಂಎಸ್‌ಒ ದ್ರಾವಕ ಹಾಕಿದರೆ 10 ಮಿಲಿಮೋಲಾರ್ ಸ್ಟಾಕ್. ಆರು ವೆಲ್ (ಗುಳಿ) ಪ್ಲೇಟಿನ ಒಂದು ವೆಲ್‌ನಲ್ಲಿ 2 ಮಿಲಿಲೀಟರ್ ಮೀಡಿಯಂ ಇದ್ದರೆ 2 ಮೈಕ್ರೊಲೀಟರ್ ಸ್ಟಾಕ್ ಸಾಕು: 10 ಮೈಕ್ರೊಮೋಲಾರ್ ಫಾರ್ಸ್ಕೊಲಿನ್, ಶೇ 0.1 ಡಿಎಂಎಸ್‌ಒ. ಆ ಒಂದು ಶೀಶೆ ಸುಮಾರು 1,200 ವೆಲ್‌ಗಳಿಗೆ ಬರುತ್ತದೆ. ಸಾಲದೆನಿಸಿದರೆ 25 ಮೈಕ್ರೊಮೋಲಾರ್‌ವರೆಗೆ ಹೋಗಿ. ಅದಕ್ಕಿಂತ ಮೇಲೆ ಹೋದಂತೆ ಅಯಾನ್ ಚಾನೆಲ್‌ಗಳು, ಗ್ಲೂಕೋಸ್ ಸಾಗಣೆ ಎಲ್ಲ ಕದಡುತ್ತವೆ. 15 ನಿಮಿಷದಲ್ಲಿ ಪರಿಣಾಮ ಕಾಣಬೇಕು. ಫಾಸ್ಫೊಡೈಎಸ್ಟರೇಸ್ ಹೆಚ್ಚಿರುವ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಬೇಗ ಕರಗಿಹೋಗುತ್ತದೆ. ಆಗ ಆ ಕಿಣ್ವವನ್ನು ತಡೆಯುವ ಐಬಿಎಂಎಕ್ಸ್ 100ರಿಂದ 500 ಮೈಕ್ರೊಮೋಲಾರ್ ಜೊತೆಗೆ ಹಾಕಬೇಕು. ಐಬಿಎಂಎಕ್ಸ್ ಅಡೆನೊಸೀನ್ ರಿಸೆಪ್ಟರ್‌ಗಳನ್ನೂ ತಡೆಯುತ್ತದೆ, ಹಾಗಾಗಿ ಅದೊಂದನ್ನೇ ಹಾಕಿದ ವೆಲ್ ಕೂಡ ಬೇಕು.

ನಮ್ಮ ಅಳತೆಗೋಲಿನಲ್ಲಿ ಇದಕ್ಕೆ ಪೂರ್ಣ ಅಂಕ. ಜೋಡಿ ಅಣು ಇದೆ: 1,9-ಡೈಡಿಆಕ್ಸಿಫಾರ್ಸ್ಕೊಲಿನ್ ಸೈಕ್ಲೇಸ್ ಅನ್ನು ಮುಟ್ಟುವುದಿಲ್ಲ, ಆದರೆ ಫಾರ್ಸ್ಕೊಲಿನ್ ಕೆಡಿಸುವ ಚಾನೆಲ್‌ಗಳನ್ನು ಅದೂ ಕೆಡಿಸುತ್ತದೆ. ಕಂಟ್ರೋಲ್ ಆಗಿ ಬೇಕಾದದ್ದೇ ಇದು. ಎರಡರಲ್ಲೂ ನಿಮ್ಮ ಬ್ಯಾಂಡ್ ಬಂದರೆ ಅದು ಸೈಕ್ಲಿಕ್ ಎಎಂಪಿಯ ಕಥೆಯಲ್ಲ. ಇನ್ನು ಸೈಕ್ಲಿಕ್ ಎಎಂಪಿ ಎಂದರೆ ಪಿಕೆಎ ಮಾತ್ರವೂ ಅಲ್ಲ. ಎಪಾಕ್ ಎಂಬ ಇನ್ನೊಂದು ಕವಲು ಇದೆ ಎಂದು 1998ರಿಂದ ಗೊತ್ತಿದೆ. ಎರಡನ್ನೂ ಬೇರ್ಪಡಿಸಲು ಕೃತಕ ಸೈಕ್ಲಿಕ್ ಎಎಂಪಿಗಳಿವೆ: ಎನ್6-ಬೆಂಜೊಯಿಲ್ ರೂಪ ಪಿಕೆಎಗೆ, 8-ಸಿಪಿಟಿ-2-ಒ-ಮಿಥೈಲ್ ರೂಪ ಎಪಾಕ್‌ಗೆ.

ಇನ್‌ಹಿಬಿಟರ್ ವಿಷಯದಲ್ಲಿ ಎಚ್ಚರ. ಎಲ್ಲರ ಫ್ರೀಜರ್‌ನಲ್ಲೂ ಇರುವ ಎಚ್-89 ಪಿಕೆಎ ಜೊತೆಗೆ ರಾಕ್, ಎಸ್6 ಕೈನೇಸ್, ಎಂಎಸ್‌ಕೆ1 ಎಂಬ ಬೇರೆ ಕೈನೇಸ್‌ಗಳನ್ನೂ ತಡೆಯುತ್ತದೆ ಎಂದು 2000ದಲ್ಲೇ ತೋರಿಸಲಾಗಿದೆ. ಎಚ್-89ನಿಂದ ಬ್ಯಾಂಡ್ ಮಾಯವಾಯಿತು ಎಂಬುದೊಂದೇ ಸಾಕ್ಷಿಯಾದರೆ ಒಳ್ಳೆಯ ಪರೀಕ್ಷಕರು ಒಪ್ಪುವುದಿಲ್ಲ, ಒಪ್ಪಲೂಬಾರದು. ಪಿಕೆಎಯನ್ನೇ ತಡೆಯುವ ಪಿಕೆಐ ಪೆಪ್ಟೈಡಿನ ಮಿರಿಸ್ಟೊಯಿಲ್ ರೂಪ ಬಳಸಿ, ಅಥವಾ ಪಿಕೆಐಯನ್ನು ಪ್ಲಾಸ್ಮಿಡ್ ಮೂಲಕ ಕೊಡಿ. ಗುರುತಿನ ವಿಷಯವೂ ಹಾಗೆಯೇ. ಕ್ರೆಬ್ ಪ್ರೊಟೀನಿನ 133ನೇ ಸೀರೀನ್ ಮೇಲೆ ಫಾಸ್ಫೇಟ್ ಕೂರಿಸುವುದು ಪಿಕೆಎ ಮಾತ್ರವಲ್ಲ, ಎಂಎಸ್‌ಕೆ, ಆರ್‌ಎಸ್‌ಕೆ, ಕ್ಯಾಲ್ಸಿಯಂ ಕೈನೇಸ್‌ಗಳೂ ಕೂರಿಸುತ್ತವೆ. ವ್ಯಾಸ್ಪ್ ಪ್ರೊಟೀನಿನ 157ನೇ ಸೀರೀನ್ ಇದಕ್ಕಿಂತ ಉತ್ತಮ. ಅಲ್ಲಿ ಫಾಸ್ಫೇಟ್ ಕೂತರೆ ಬ್ಯಾಂಡ್ 46ರಿಂದ 50 ಕಿಲೊಡಾಲ್ಟನ್‌ಗೆ ಜರುಗುವುದರಿಂದ ಸಾಮಾನ್ಯ ವ್ಯಾಸ್ಪ್ ಆಂಟಿಬಾಡಿಯಲ್ಲೇ ಕಾಣುತ್ತದೆ, ಫಾಸ್ಫೊ ಆಂಟಿಬಾಡಿಯ ಖರ್ಚು ಉಳಿಯುತ್ತದೆ.

ಶೇ 10 ಫಾರ್ಸ್ಕೊಲಿನ್ ಎಂದು ಬರೆದಿರುವ ಗಿಡಮೂಲಿಕೆ ಕ್ಯಾಪ್ಸೂಲ್‌ಗಳನ್ನು ಇದರ ಬದಲಿಗೆ ಬಳಸಬೇಡಿ. ಉಳಿದ ಶೇ 90 ಏನೆಂದು ನಿಮ್ಮ ಬ್ಲಾಟ್ ಹೇಳುವುದಿಲ್ಲ.

ಪಿಎಂಎ

ಪಿಎಂಎ ಎಂದರೆ ಫಾರ್ಬಾಲ್ ಮಿರಿಸ್ಟೇಟ್ ಅಸಿಟೇಟ್, ಇದರ ಮೂಲ ಜಾಪಾಳದ ಬೀಜದ ಎಣ್ಣೆ. ಪಿಕೆಸಿಯನ್ನು ಸಹಜವಾಗಿ ಎಬ್ಬಿಸುವ ಡೈಅಸೈಲ್‌ಗ್ಲಿಸರಾಲ್‌ನ ಜಾಗದಲ್ಲಿ ಕೂತು ಅದನ್ನು ಚುರುಕುಗೊಳಿಸುತ್ತದೆ ಎಂದು 1982ರಲ್ಲಿ ಜಪಾನಿನ ನಿಶಿಜುಕಾ ತಂಡ ತೋರಿಸಿತು. ಐದರಲ್ಲಿ ಬಲಶಾಲಿ ಇದೇ. ಅಣುತೂಕ 616.8, 1 ಮಿಲಿಗ್ರಾಂಗೆ 1.62 ಮಿಲಿಲೀಟರ್ ಡಿಎಂಎಸ್‌ಒ ಹಾಕಿದರೆ 1 ಮಿಲಿಮೋಲಾರ್. ಬಳಸುವುದು 100 ನ್ಯಾನೊಮೋಲಾರ್, ಹಾಗಾಗಿ ಒಂದೇ ಮಿಲಿಗ್ರಾಂ 8,000 ವೆಲ್‌ಗಳಿಗೆ ಬರುತ್ತದೆ. 1 ಮಿಲಿಮೋಲಾರ್ ಸ್ಟಾಕಿನಿಂದ ನೇರ ಹಾಕಲು ಹೋದರೆ 0.2 ಮೈಕ್ರೊಲೀಟರ್ ತೆಗೆಯಬೇಕಾಗುತ್ತದೆ. ಯಾವ ಪಿಪೆಟ್‌ನಲ್ಲೂ ಅದು ನಂಬುವ ಅಳತೆಯಲ್ಲ. ಡಿಎಂಎಸ್‌ಒನಲ್ಲೇ ಹತ್ತು ಪಟ್ಟು ತೆಳುಮಾಡಿ 100 ಮೈಕ್ರೊಮೋಲಾರ್ ಸ್ಟಾಕ್ ಇಟ್ಟುಕೊಂಡು 2 ಮೈಕ್ರೊಲೀಟರ್ ಹಾಕಿ. ಮೀಡಿಯಂನಲ್ಲಿ ಮೊದಲೇ ಬೆರೆಸಿಟ್ಟರೆ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಂಡು ಕಡಿಮೆಯಾಗುತ್ತದೆ. ಬೆಳಕಿನಿಂದ ದೂರವಿಡಿ.

15ರಿಂದ 30 ನಿಮಿಷ ಸಾಕು. ಇದರ ದೊಡ್ಡ ದೋಷವೆಂದರೆ ಹರಡಿಕೊಳ್ಳುವುದು. ಪಿಎಂಎ ಹಿಡಿಯುವ ಸಿ1 ಭಾಗ ಪಿಕೆಸಿಯಲ್ಲಿ ಮಾತ್ರವಿಲ್ಲ. ಪಿಕೆಡಿ, ರಾಸ್‌ಜಿಆರ್‌ಪಿ, ಕೈಮೆರಿನ್‌ಗಳು, ಮಂಕ್13 ಇವುಗಳಲ್ಲೂ ಇದೆ. ಇಆರ್‌ಕೆ ಮಾರ್ಗವಂತೂ ಖಂಡಿತ ಏಳುತ್ತದೆ. ಆದ್ದರಿಂದ ಪಿಎಂಎ ಹಾಕಿದಾಗ ನಿಮ್ಮ ಪ್ರೊಟೀನಿಗೆ ಫಾಸ್ಫೇಟ್ ಬಂದರೆ ಅದು ಪಿಕೆಸಿಯಿಂದಲೋ, ಇಆರ್‌ಕೆಯಿಂದಲೋ, ಅದು ಎಬ್ಬಿಸುವ ಆರ್‌ಎಸ್‌ಕೆಯಿಂದಲೋ ಎಂದು ಬಿಡಿಸದೆ ಬರೆಯುವಂತಿಲ್ಲ. ಬಿಡಿಸಲು ಎರಡು ವೆಲ್ ಹೆಚ್ಚು: ಒಂದರಲ್ಲಿ ಪಿಕೆಸಿ ತಡೆಯುವ ಬಿಸ್‌ಇಂಡೊಲಿಲ್‌ಮಾಲಿಮೈಡ್-1 ಅಥವಾ ಗೋ6983, 1ರಿಂದ 5 ಮೈಕ್ರೊಮೋಲಾರ್, ಇನ್ನೊಂದರಲ್ಲಿ ಇಆರ್‌ಕೆಯನ್ನು ಎಬ್ಬಿಸುವ ಎಂಇಕೆಯನ್ನು ತಡೆಯುವ ಯು0126, 10 ಮೈಕ್ರೊಮೋಲಾರ್. ಎರಡನ್ನೂ ಪಿಎಂಎಗೆ 30 ನಿಮಿಷ ಮೊದಲೇ ಹಾಕಿ. ಎರಡರಲ್ಲೂ ಬ್ಯಾಂಡ್ ಹೋದರೆ ಪಿಕೆಸಿಯಿಂದ ಇಆರ್‌ಕೆ, ಅಲ್ಲಿಂದ ನಿಮ್ಮ ಪ್ರೊಟೀನ್ ಎಂಬ ಸರಪಳಿ; ಮೊದಲನೆಯದರಲ್ಲಿ ಮಾತ್ರ ಹೋದರೆ ಪಿಕೆಸಿ ಕವಲು. ಬಿಸ್‌ಇಂಡೊಲಿಲ್‌ಮಾಲಿಮೈಡ್ ಆರ್‌ಎಸ್‌ಕೆಯನ್ನೂ ತಾಗುತ್ತದೆ ಎಂಬುದು ನೆನಪಿರಲಿ. ಜೋಡಿ ಅಣು 4-ಆಲ್ಫಾ-ಪಿಎಂಎ. ಅದೇ ಪರಮಾಣುಗಳು, ಒಂದು ಮೂಲೆ ಮಾತ್ರ ತಿರುಗಿದೆ, ಪಿಕೆಸಿಗೆ ಅಂಟುವುದಿಲ್ಲ.

ಪಿಎಂಎಗೆ ಇನ್ನೊಂದು ಉಪಯೋಗವಿದೆ, ಅದನ್ನು ಕಡಿಮೆ ಜನ ಬಳಸಿಕೊಳ್ಳುತ್ತಾರೆ. 1 ಮೈಕ್ರೊಮೋಲಾರ್‌ನಲ್ಲಿ 16ರಿಂದ 24 ಗಂಟೆ ಬಿಟ್ಟರೆ ಕೋಶವು ಕ್ಲಾಸಿಕಲ್ ಮತ್ತು ನಾವೆಲ್ ಗುಂಪಿನ ಪಿಕೆಸಿಗಳನ್ನು ಒಡೆದುಹಾಕುತ್ತದೆ. ಮರುದಿನ ಹೊಸದಾಗಿ ಪಿಎಂಎ ಹಾಕಿದಾಗ ಬ್ಯಾಂಡ್ ಬರದಿದ್ದರೆ ಅದು ಆ ಪಿಕೆಸಿಗಳನ್ನೇ ನೆಚ್ಚಿತ್ತು ಎನ್ನಲು ಗಟ್ಟಿ ಆಧಾರ; ಪ್ರೊಟೀನ್ ತಯಾರಿಕೆಯನ್ನು ಅಡಗಿಸುವ ಎಸ್‌ಐಆರ್‌ಎನ್‌ಎಗೆ ಹಣವಿಲ್ಲದ ಲ್ಯಾಬಿಗೆ ಇದು ದೊಡ್ಡ ಅನುಕೂಲ. ಅಟಿಪಿಕಲ್ ಗುಂಪಿನ ಜೀಟಾ, ಅಯೋಟಾ ಪಿಕೆಸಿಗಳು ಪಿಎಂಎಗೆ ಸ್ಪಂದಿಸುವುದೂ ಇಲ್ಲ, ಕರಗುವುದೂ ಇಲ್ಲ. ಒಂದು ಗಂಟೆಯ ಪ್ರಯೋಗವೆಂದು ಶುರುಮಾಡಿ ಊಟಕ್ಕೆ ಹೋಗಿ ಸಂಜೆ ಬಂದು ಕೋಶ ಒಡೆದರೆ ಉತ್ತೇಜನದ ಬದಲು ಈ ಇಳಿಕೆಯ ಆರಂಭವನ್ನೇ ಅಳೆದಂತಾಗುತ್ತದೆ.

ಇಲಿಯ ಚರ್ಮದ ಮೇಲೆ ಗಡ್ಡೆ ಬೆಳೆಸುವ ವಸ್ತು ಇದು. ಡಿಎಂಎಸ್‌ಒ ಅದನ್ನು ಚರ್ಮದೊಳಕ್ಕೆ ಒಯ್ಯುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿ, ಹನಿ ಬಿದ್ದರೆ ತಕ್ಷಣ ಗ್ಲೌಸ್ ಬದಲಿಸಿ, ಟಿಪ್‌ಗಳನ್ನು ಬೇರೆ ಡಬ್ಬಿಗೆ ಹಾಕಿ, ಸಿಂಕ್‌ಗೆ ಸುರಿಯಬೇಡಿ.

ಅಯನೊಮೈಸಿನ್

ಕ್ಯಾಲ್ಸಿಯಂ ಅನ್ನು ಪೊರೆ ದಾಟಿಸುವ ಅಣು. ಕ್ಯಾಲ್ಸಿಯಂ ಲವಣದ ರೂಪದಲ್ಲಿ ಅಣುತೂಕ 747. 1 ಮಿಲಿಗ್ರಾಂಗೆ 1.34 ಮಿಲಿಲೀಟರ್ ಡಿಎಂಎಸ್‌ಒ, 1 ಮಿಲಿಮೋಲಾರ್ ಸ್ಟಾಕ್, ಬಳಕೆ 1 ಮೈಕ್ರೊಮೋಲಾರ್, 5ರಿಂದ 10 ನಿಮಿಷ. ಹೆಚ್ಚು ಹೊತ್ತು ಬಿಟ್ಟರೆ ಕೋಶ ಸಾಯುತ್ತದೆ. ಎ23187 ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದು ಸ್ವತಃ ಹೊಳೆಯುವುದರಿಂದ ಫ್ಯೂರಾ-2ರಂಥ ಬಣ್ಣದ ಜೊತೆ ಕ್ಯಾಲ್ಸಿಯಂ ಅಳೆಯುವವರಿಗೆ ಅಡ್ಡಿ.

ಇದರ ಫಲಿತಾಂಶ ಲ್ಯಾಬಿನಿಂದ ಲ್ಯಾಬಿಗೆ ಬದಲಾಗಲು ಮುಖ್ಯ ಕಾರಣ ಮೀಡಿಯಂ. ಡಿಎಂಇಎಂನಲ್ಲಿ 1.8 ಮಿಲಿಮೋಲಾರ್ ಕ್ಯಾಲ್ಸಿಯಂ ಇದೆ, ಆರ್‌ಪಿಎಂಐ 1640ರಲ್ಲಿ 0.42 ಮಾತ್ರ. ಸೀರಮ್‌ನ ಪ್ರೊಟೀನ್‌ಗಳು ಅಯನೊಮೈಸಿನ್ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಯಾವ ಮೀಡಿಯಂ, ಸೀರಮ್ ಎಷ್ಟು ಎಂದು ನೋಟ್‌ಬುಕ್‌ನಲ್ಲಿ ಬರೆಯದ ಅಯನೊಮೈಸಿನ್ ಪ್ರಯೋಗವನ್ನು ಮತ್ತೆ ಮಾಡಲು ಆಗುವುದಿಲ್ಲ. ಬಫರ್‌ಗೆ ಬಳಸುವ ನೀರೂ ಮುಖ್ಯ. ಮಂಡ್ಯ ಸುತ್ತಲಿನ ಗಡಸು ಬೋರ್‌ವೆಲ್ ನೀರನ್ನು ಬರೀ ಆಟೊಕ್ಲೇವ್ ಮಾಡಿದರೆ ಕ್ಯಾಲ್ಸಿಯಂ ಹೋಗುವುದಿಲ್ಲ. ಕ್ಯಾಲ್ಸಿಯಂರಹಿತ ಕಂಟ್ರೋಲ್ ಬಫರ್‌ಗೆ ಅಯಾನ್ ತೆಗೆದ ಶುದ್ಧ ನೀರೇ ಬೇಕು.

ಜೋಡಿ ಅಣು ಇದಕ್ಕಿಲ್ಲ. ಬದಲಿಗೆ ಕ್ಯಾಲ್ಸಿಯಂ ಹಿಡಿದಿಡುವ ವಸ್ತುಗಳಿವೆ: ಕೋಶದ ಹೊರಗೆ 2 ಮಿಲಿಮೋಲಾರ್ ಇಜಿಟಿಎ, ಒಳಗೆ 10 ಮೈಕ್ರೊಮೋಲಾರ್ ಬಾಪ್ಟಾ-ಎಎಂ 30 ನಿಮಿಷ. ಎರಡೂ ಸೇರಿ ಸಾಕಷ್ಟು ನಂಬಿಕೆ ಕೊಡುತ್ತವೆ. ಕ್ಯಾಲ್ಸಿಯಂ ಏರಿದರೆ ಫಾಸ್ಫೇಟ್ ಸೇರುವುದಷ್ಟೇ ಅಲ್ಲ, ಕ್ಯಾಲ್ಸಿನ್ಯೂರಿನ್ ಎದ್ದು ಫಾಸ್ಫೇಟ್ ಕಳಚುವುದೂ ಉಂಟು. ಎನ್‌ಫ್ಯಾಟ್ ಎಂಬ ಪ್ರೊಟೀನ್ ಚುರುಕಾಗುವುದು ಹೀಗೆ ಕಳಚಿದಾಗಲೇ. ಬ್ಯಾಂಡ್ ಮೇಲಕ್ಕೇರುತ್ತದೆಂದು ಕಾಯುತ್ತಿದ್ದವರಿಗೆ ಕೆಳಕ್ಕಿಳಿದ ಬ್ಯಾಂಡ್ ಸೋಲಿನಂತೆ ಕಂಡು ಬಿಟ್ಟುಹೋಗಬಹುದು. ಅದನ್ನೂ ಉತ್ತರವೆಂದೇ ಓದಿ.

ಹೀಲಾ ಬಿಟ್ಟು ಬೇರೆ ಕೋಶವಿಲ್ಲದವರಿಗೆ ಇದರಿಂದ ಒಂದು ಲಾಭ. ಎಲ್‌ಕೆಬಿ1 ಇಲ್ಲದಿದ್ದರೂ ಕ್ಯಾಲ್ಸಿಯಂ ಮತ್ತು ಅದು ಎಬ್ಬಿಸುವ ಸಿಎಎಂಕೆಕೆ2 ಕೈನೇಸಿನ ಮೂಲಕ ಎಎಂಪಿಕೆ ಏಳುತ್ತದೆ. ಎಎಂಪಿಕೆಯ ಕೆಳಗಿರಬಹುದಾದ ಪ್ರೊಟೀನನ್ನು ಹೀಲಾದಲ್ಲಿ ನೋಡಲು ಅಯನೊಮೈಸಿನ್‌ಗೆ ಐಕಾರ್‌ಗಿಂತ ಮೊದಲ ಸ್ಥಾನ.

ಅನಿಸೊಮೈಸಿನ್, ಅಥವಾ ಸಾರ್ಬಿಟಾಲ್

ಒತ್ತಡದ ಮಾರ್ಗಗಳಿಗೆ, ಅಂದರೆ ಪಿ38 ಮತ್ತು ಜೆಎನ್‌ಕೆಗೆ. ಅನಿಸೊಮೈಸಿನ್ ಮಿಲಿಲೀಟರ್‌ಗೆ 10 ಮೈಕ್ರೊಗ್ರಾಂ, 30 ನಿಮಿಷ. ಈ ಪ್ರಮಾಣದಲ್ಲಿ ಅದು ಪ್ರೊಟೀನ್ ತಯಾರಿಕೆಯನ್ನೇ ನಿಲ್ಲಿಸುವುದರಿಂದ, ಬೇಗ ಕರಗುವ ಸ್ವಭಾವದ ಪ್ರೊಟೀನ್ ನಿಮ್ಮದಾಗಿದ್ದರೆ ಒಟ್ಟು ಪ್ರಮಾಣವೇ ಇಳಿದುಹೋಗುತ್ತದೆ. ಅಂಥಲ್ಲಿ ಸಾರ್ಬಿಟಾಲ್ ವಾಸಿ: 0.5 ಮೋಲಾರ್, 10 ಮಿಲಿಲೀಟರ್ ಮೀಡಿಯಂಗೆ 0.91 ಗ್ರಾಂ, 30 ನಿಮಿಷ, ಖರ್ಚು ನಗಣ್ಯ. ಪಿ38 ತಡೆಯಲು ಎಸ್‌ಬಿ203580 ಹಾಕುವಾಗ ಅದು ಕೇಸೀನ್ ಕೈನೇಸ್ 1ಅನ್ನೂ ತಡೆಯುತ್ತದೆಂದು ತಿಳಿದಿರಿ. ಜೊತೆಗೆ ಪಿ38 ತಡೆಯುವ ಇನ್ನೊಂದು ವಸ್ತು ಬಿಐಆರ್‌ಬಿ796 ಬಳಸಿದರೆ ಅನುಮಾನ ನಿವಾರಣೆ. ಮೊದಲ ಆಯ್ಕೆಯಾಗಿ ಅನಿಸೊಮೈಸಿನ್, ಸಾರ್ಬಿಟಾಲ್ ಎರಡನ್ನೂ ನಾವು ಹೇಳುವುದಿಲ್ಲ. ಒತ್ತಡಕ್ಕೆ ಸಿಕ್ಕ ಕೋಶದಲ್ಲಿ ಏನೆಲ್ಲಾ ಬದಲಾಗುತ್ತದೆಂದರೆ, ನಿಮ್ಮ ಪ್ರೊಟೀನ್ ಬದಲಾದದ್ದಕ್ಕೆ ವಿಶೇಷ ಅರ್ಥ ಉಳಿಯುವುದಿಲ್ಲ.

ಇನ್ಸುಲಿನ್ ಮತ್ತು ಈಜಿಎಫ್

ಇವು ಕೋಶಕ್ಕೆ ಸಹಜವಾದ ಸಂಕೇತಗಳು, ರಿಸೆಪ್ಟರ್ ಮೂಲಕವೇ ಬರುತ್ತವೆ. ಹಾಗಾಗಿ ಇವುಗಳಿಂದ ಬಂದ ಉತ್ತರ ಶರೀರದ ಸತ್ಯಕ್ಕೆ ಹೆಚ್ಚು ಹತ್ತಿರ. ದುರ್ಬಲ ಮತ್ತು ಕ್ಷಣಿಕ ಎಂಬುದು ಇನ್ನೊಂದು ಮುಖ. ಈಜಿಎಫ್ ಮಿಲಿಲೀಟರ್‌ಗೆ 100 ನ್ಯಾನೊಗ್ರಾಂ ಹಾಕಿದರೆ 5ರಿಂದ 10 ನಿಮಿಷದಲ್ಲಿ ಇಆರ್‌ಕೆ ಶಿಖರ ತಲುಪಿ ಇಳಿಯತೊಡಗುತ್ತದೆ. ಗುರುತು ಇಆರ್‌ಕೆಯ ಫಾಸ್ಫೇಟ್, ತಡೆಗೆ ಗೆಫಿಟಿನಿಬ್ 1 ಮೈಕ್ರೊಮೋಲಾರ್.

ಇನ್ಸುಲಿನ್ 100 ನ್ಯಾನೊಮೋಲಾರ್, 10ರಿಂದ 15 ನಿಮಿಷ. ಲ್ಯಾಬ್ ಇನ್ಸುಲಿನ್ ಬರುವುದು ತಡವಾದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾನವ ರೆಗ್ಯುಲರ್ ಇನ್ಸುಲಿನ್ ಚೆನ್ನಾಗಿಯೇ ನಡೆಯುತ್ತದೆ. ಲೆಕ್ಕ ಮಾತ್ರ ಸರಿಯಾಗಿರಬೇಕು. 1 ಯೂನಿಟ್ ಅಂದರೆ 6 ನ್ಯಾನೊಮೋಲ್. ನಮ್ಮಲ್ಲಿ ಸಾಮಾನ್ಯವಾದ, ಮಿಲಿಲೀಟರ್‌ಗೆ 40 ಯೂನಿಟ್ ಇರುವ ಶೀಶೆಯಲ್ಲಿ 240 ಮೈಕ್ರೊಮೋಲಾರ್ ಇರುತ್ತದೆ, ಅದನ್ನು 2,400 ಪಟ್ಟು ತೆಳುಮಾಡಬೇಕು. 100 ಯೂನಿಟ್ ಶೀಶೆಯಾದರೆ 600 ಮೈಕ್ರೊಮೋಲಾರ್, 6,000 ಪಟ್ಟು. ಎರಡನ್ನು ಅದಲುಬದಲು ಮಾಡಿದರೆ ಎರಡೂವರೆ ಪಟ್ಟು ವ್ಯತ್ಯಾಸ ಬೀಳುತ್ತದೆ. ಎನ್‌ಪಿಎಚ್, ಮಿಕ್ಸ್, ಗ್ಲಾರ್ಜೀನ್ ಎಂಬ ಬೇರೆ ಬಗೆಯ ಇನ್ಸುಲಿನ್‌ಗಳು ಬೇಡ. ಶೀಶೆಯಲ್ಲಿ ಕೆಡದಂತೆ ಕಾಯುವ ಮೆಟಾ-ಕ್ರೆಸಾಲ್ ಇರುವುದರಿಂದ ಅದೇ ಪ್ರಮಾಣದ ಕ್ರೆಸಾಲ್ ಇರುವ ಕಂಟ್ರೋಲ್ ವೆಲ್ ಇಟ್ಟುಕೊಳ್ಳುವುದು ಕ್ಷೇಮ. 100 ನ್ಯಾನೊಮೋಲಾರ್‌ನಲ್ಲಿ ಐಜಿಎಫ್-1 ರಿಸೆಪ್ಟರ್ ಕೂಡ ಏಳುತ್ತದೆ; ಎಕೆಟಿಯೇ ಗುರಿಯಾದವರಿಗೆ ಅದರಿಂದ ತೊಂದರೆಯಿಲ್ಲ, ರಿಸೆಪ್ಟರ್ ಬಗ್ಗೆ ಬರೆಯುವವರಿಗೆ ಇದೆ. ಗುರುತು ಎಕೆಟಿಯ 473ನೇ ಸೀರೀನ್, ತಡೆಗೆ ಎಂಕೆ-2206, 1 ಮೈಕ್ರೊಮೋಲಾರ್. ಪಿಐ3-ಕೈನೇಸ್ ತಡೆಯುವ ವರ್ಟ್‌ಮ್ಯಾನಿನ್ ನೀರಿನಲ್ಲಿ ಬೇಗ ಕೆಡುವುದರಿಂದ ನಮ್ಮ ಒಲವು ಎಂಕೆ-2206 ಕಡೆಗೆ.

ಪ್ಲೇಟ್ ಹೇಗೆ ಹಾಕುವುದು

ಆರು ವೆಲ್‌ಗಳು ಹೀಗಿರಲಿ: ಏನೂ ಹಾಕದ್ದು, ಡಿಎಂಎಸ್‌ಒ ಮಾತ್ರ, ರಾಸಾಯನಿಕ 15 ನಿಮಿಷ, ಅದೇ 60 ನಿಮಿಷ (ಅಯನೊಮೈಸಿನ್, ಇನ್ಸುಲಿನ್, ಈಜಿಎಫ್‌ಗೆ ಇದರ ಬದಲು ಮೇಲೆ ಹೇಳಿದ ಕಡಿಮೆ ಹೊತ್ತು), ಕೆಲಸ ಮಾಡದ ಜೋಡಿ ಅಣು, ಇನ್‌ಹಿಬಿಟರ್ ನಂತರ ರಾಸಾಯನಿಕ. ಹಿಂದಿನ ರಾತ್ರಿ ಸೀರಮ್ ಅನ್ನು ಶೇ 0.5ಕ್ಕೆ ಇಳಿಸಿ. ಬೆಳಿಗ್ಗೆ ಮೀಡಿಯಂ ಬದಲಿಸಬೇಡಿ. ಹೊಸ ಮೀಡಿಯಂ ಸುರಿದ ಪೆಟ್ಟಿಗೇ ಇಆರ್‌ಕೆ ಏಳುತ್ತದೆ. ಇರುವ ಮೀಡಿಯಂಗೇ 2 ಮೈಕ್ರೊಲೀಟರ್ ಹಾಕಿ ನಿಧಾನವಾಗಿ ಅಲುಗಿಸಿ. ಒಂದೇ ಕಡೆ ಹನಿ ಬಿಟ್ಟು ಅಲುಗಿಸದಿದ್ದರೆ ಆ ಜಾಗದ ಕೋಶಗಳಿಗೆ ಸಾವಿರ ಪಟ್ಟು ಹೆಚ್ಚು ತಗಲುತ್ತದೆ. 60 ನಿಮಿಷದ ವೆಲ್‌ಗೆ ಮೊದಲು, 15 ನಿಮಿಷದ್ದಕ್ಕೆ ಆಮೇಲೆ ಹಾಕಿ, ಎಲ್ಲವನ್ನೂ ಒಟ್ಟಿಗೆ ಒಡೆಯಿರಿ. ಪ್ಲೇಟ್ ಇನ್‌ಕ್ಯುಬೇಟರ್‌ನ ಹೊರಗಿದ್ದಷ್ಟೂ ಹೊತ್ತು ಇಂಗಾಲದ ಡೈಆಕ್ಸೈಡ್ ಹೋಗಿ ಮೀಡಿಯಂ ಕ್ಷಾರವಾಗುತ್ತಿರುತ್ತದೆ.

ಒಡೆಯಲು ನಮ್ಮ ಮೆಚ್ಚಿನ ವಿಧಾನ ಕುದಿಯುವ ಸ್ಯಾಂಪಲ್ ಬಫರ್ ಅನ್ನೇ ನೇರ ಸುರಿಯುವುದು. ಫಾಸ್ಫೇಟ್ ಕಳಚುವ ಫಾಸ್ಫಟೇಸ್ ಕಿಣ್ವಗಳಿಗೆ ಉಸಿರಾಡಲೂ ಸಮಯ ಸಿಗುವುದಿಲ್ಲ. ಆಂಟಿಬಾಡಿಯಿಂದ ಪ್ರೊಟೀನನ್ನು ಎಳೆದು ತೆಗೆಯುವ ಇಮ್ಯುನೊಪ್ರೆಸಿಪಿಟೇಶನ್ ಮಾಡುವುದಿದ್ದರೆ ಟ್ರೈಟಾನ್ ಬಫರ್‌ಗೆ 50 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್, 10 ಮಿಲಿಮೋಲಾರ್ ಬೀಟಾ-ಗ್ಲಿಸರೊಫಾಸ್ಫೇಟ್, 1 ಮಿಲಿಮೋಲಾರ್ ಆರ್ಥೊವನಡೇಟ್ ಬೇಕು. ವನಡೇಟನ್ನು ಸುಮ್ಮನೆ ಕರಗಿಸಿದರೆ ಪ್ರಯೋಜನವಿಲ್ಲ. 200 ಮಿಲಿಮೋಲಾರ್ ದ್ರಾವಣದ ಪಿಎಚ್ 10ಕ್ಕೆ ತಂದಾಗ ಹಳದಿಯಾಗುತ್ತದೆ. ಬಣ್ಣ ಹೋಗುವವರೆಗೆ ಕುದಿಸಿ, ತಣಿಸಿ, ಮತ್ತೆ 10ಕ್ಕೆ ತಂದು, ಹಳದಿ ಬರುವುದು ನಿಲ್ಲುವವರೆಗೆ ಮಾಡಬೇಕು. ಫಾಸ್ಫೊ ಆಂಟಿಬಾಡಿ ಬ್ಲಾಟ್‌ಗೆ ಹಾಲಿನ ಪುಡಿಯ ಬದಲು ಬಿಎಸ್‌ಎ (ಹಸುವಿನ ಸೀರಮ್ ಆಲ್ಬುಮಿನ್) ಬಳಸಿ. ಹಾಲಿನ ಕೇಸೀನ್ ತಾನೇ ಫಾಸ್ಫೇಟ್ ತುಂಬಿದ ಪ್ರೊಟೀನ್.

ಅಪರಿಚಿತ ಪ್ರೊಟೀನಿಗೆ ಫಾಸ್ಫೊ ಆಂಟಿಬಾಡಿ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಫಾಸ್-ಟ್ಯಾಗ್ ಜೆಲ್ ಇಲ್ಲಿ ಕೈಹಿಡಿಯುತ್ತದೆ: 25ರಿಂದ 50 ಮೈಕ್ರೊಮೋಲಾರ್ ಫಾಸ್-ಟ್ಯಾಗ್, ಅದರ ಎರಡರಷ್ಟು ಮ್ಯಾಂಗನೀಸ್. ಫಾಸ್ಫೇಟ್ ಇರುವ ರೂಪ ನಿಧಾನವಾಗಿ ಓಡಿ ಮೇಲೆ ಉಳಿಯುತ್ತದೆ, ಸಾಮಾನ್ಯ ಆಂಟಿಬಾಡಿ ಅಥವಾ ಟ್ಯಾಗ್ ಆಂಟಿಬಾಡಿಯಲ್ಲೇ ಕಾಣುತ್ತದೆ. ಸ್ಯಾಂಪಲ್‌ನಲ್ಲಿ ಇಡಿಟಿಎ ಇದ್ದರೆ ಜೆಲ್ ಕೆಡುತ್ತದೆ, ಆದ್ದರಿಂದ ಇಡಿಟಿಎ ಇಲ್ಲದ ಪ್ರೊಟಿಯೇಸ್ ಮಾತ್ರೆ ಕೊಳ್ಳಿ. ಜೆಲ್ ಓಡಿದ ಮೇಲೆ ಮಾತ್ರ ಟ್ರಾನ್ಸ್‌ಫರ್‌ಗೆ ಮೊದಲು ಇಡಿಟಿಎ ಬಫರ್‌ನಲ್ಲಿ ಹತ್ತತ್ತು ನಿಮಿಷ ಎರಡು ಸಲ ತೊಳೆಯಬೇಕು, ಇಲ್ಲವಾದರೆ ಪ್ರೊಟೀನ್ ಮೆಂಬ್ರೇನ್‌ಗೆ ಇಳಿಯದು. ಮೇಲಿನ ಬ್ಯಾಂಡ್ ಫಾಸ್ಫೇಟ್‌ನದೇ ಎಂದು ಖಚಿತಪಡಿಸಲು ಒಂದು ಸ್ಯಾಂಪಲ್‌ಗೆ ಲ್ಯಾಂಬ್ಡಾ ಫಾಸ್ಫಟೇಸ್ 30 ಡಿಗ್ರಿಯಲ್ಲಿ 30 ನಿಮಿಷ ಕೊಡಿ. ಈ ಸ್ಯಾಂಪಲನ್ನು ಫ್ಲೋರೈಡ್, ವನಡೇಟ್ ಇಲ್ಲದ ಬಫರ್‌ನಲ್ಲೇ ಒಡೆದಿರಬೇಕು.

ಮೈಸೂರಿನ ಹವೆ, ಮೈಸೂರಿನ ಪಾರ್ಸೆಲ್

ಶುದ್ಧ ಡಿಎಂಎಸ್‌ಒ 18.5 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಮೈಸೂರಿನ ಲ್ಯಾಬ್ ಬೆಂಚಿನ ಮೇಲೂ ಅದು ಹೆಪ್ಪುಗಟ್ಟಬಹುದು. ಅರ್ಧ ಕರಗಿದ ಸ್ಟಾಕಿನಿಂದ ತೆಗೆದ 2 ಮೈಕ್ರೊಲೀಟರ್‌ನಲ್ಲಿ ಎಷ್ಟು ರಾಸಾಯನಿಕವಿದೆ ಎಂದು ಹೇಳಲಾಗದು. 37 ಡಿಗ್ರಿಯಲ್ಲಿ ಪೂರ್ತಿ ಕರಗಿಸಿ, ವೋರ್ಟೆಕ್ಸ್ ಮಾಡಿ, ಆಮೇಲೆ ತೆಗೆಯಿರಿ. ಸ್ಟಾಕನ್ನು 20 ಮೈಕ್ರೊಲೀಟರ್‌ನಂತೆ ಹಂಚಿಟ್ಟು, ಒಮ್ಮೆ ತೆರೆದದ್ದನ್ನು ಹಲವು ಬಾರಿ ಕರಗಿಸಿ ಹೆಪ್ಪುಗಟ್ಟಿಸಬೇಡಿ. ಡಿಎಂಎಸ್‌ಒ ಮಳೆಗಾಲದಲ್ಲಿ ಗಾಳಿಯ ತೇವ ಹೀರುವುದರಿಂದ ದೊಡ್ಡ ಬಾಟಲಿಯನ್ನು ಪದೇ ಪದೇ ತೆರೆಯುವುದೂ ಬೇಡ. ಬೆಂಗಳೂರಿನಿಂದ ಐಸ್‌ನಲ್ಲಿ ಬರುವ ಪಾರ್ಸೆಲನ್ನು ಸೋಮವಾರದಿಂದ ಬುಧವಾರದೊಳಗೆ ಕಳುಹಿಸಲು ಹೇಳಿ. ಶನಿವಾರ ಸಂಜೆ ಬಂದದ್ದು ಸೋಮವಾರದವರೆಗೆ ಗೇಟಿನಲ್ಲಿ ಕೂರುತ್ತದೆ. ದಸರಾ ವಾರದಲ್ಲಂತೂ ತರಿಸಲೇಬೇಡಿ. ಪುಡಿಯಾಗಿ ಬರುವ ಫಾರ್ಸ್ಕೊಲಿನ್ ದಾರಿಯ ಬಿಸಿಯನ್ನು ತಡೆದುಕೊಳ್ಳುತ್ತದೆ, ಈಜಿಎಫ್ ಮತ್ತು ಆಂಟಿಬಾಡಿಗಳಿಗೆ ಆ ಭಾಗ್ಯವಿಲ್ಲ.

ಬ್ಯಾಂಡ್ ಬಂತು, ಚುರುಕಾಯಿತೇ?

ಫಾಸ್ಫೇಟ್ ಸೇರುವುದು ಬೇರೆ, ಚುರುಕಾಗುವುದು ಬೇರೆ. ಹೆಚ್ಚಾಗಿ ಅಧ್ಯಯನವಾಗದ ಸಿಡಿಕೆ16 ಇದಕ್ಕೆ ಸ್ಪಷ್ಟ ಉದಾಹರಣೆ. ಪಿಕೆಎ ಅದರ 153ನೇ ಸೀರೀನ್ ಮೇಲೆ ಫಾಸ್ಫೇಟ್ ಕೂರಿಸುತ್ತದೆ. ಹಾಗೆ ಕೂತಾಗ ಸಿಡಿಕೆ16ಗೆ ತನ್ನ ಸಂಗಾತಿ ಸೈಕ್ಲಿನ್ ವೈ ಜೊತೆ ಸೇರಲು ಆಗದೆ ಅದು ಮಂಕಾಗುತ್ತದೆ. ಎಸ್‌ಐಕೆ ಕೈನೇಸ್‌ಗಳಲ್ಲೂ ಹೀಗೇ: ಪಿಕೆಎ ಫಾಸ್ಫೇಟ್ ಕೊಟ್ಟರೆ 14-3-3 ಪ್ರೊಟೀನ್ ಬಂದು ಹಿಡಿದಿಡುತ್ತದೆ. ಫಾರ್ಸ್ಕೊಲಿನ್ ಹಾಕಿದಾಗ ಬ್ಯಾಂಡ್ ಬಂತೆಂದು ಪ್ರಬಂಧದಲ್ಲಿ ಚುರುಕುಗೊಂಡಿತು ಎಂದು ಬರೆದರೆ ಇಂಥಲ್ಲಿ ನಿಜಕ್ಕೆ ತದ್ವಿರುದ್ಧ ಬರೆದಂತೆ. ಆದ್ದರಿಂದ ಪ್ರೊಟೀನನ್ನು ಟ್ಯಾಗ್ ಹಿಡಿದು ಎಳೆದು, ಮೈಲಿನ್ ಬೇಸಿಕ್ ಪ್ರೊಟೀನಿನಂಥ ಸಾಮಾನ್ಯ ಗುರಿಯ ಮೇಲೆ ಅದರ ಕೆಲಸ ಅಳೆಯಿರಿ. ಪಕ್ಕದಲ್ಲಿ ಕೈನೇಸ್ ಕೆಲಸವನ್ನು ಕೊಂದ ರೂಪ ಇರಲೇಬೇಕು: ಎಟಿಪಿ ಹಿಡಿಯುವ ಲೈಸೀನನ್ನೋ, ಡಿಎಫ್‌ಜಿ ಎಂಬ ಮೂರು ಅಮೈನೊ ಆಮ್ಲಗಳ ಸಾಲಿನ ಆಸ್ಪಾರ್ಟೇಟನ್ನೋ ಬದಲಿಸಿದ್ದು. ಅದೂ ಅಷ್ಟೇ ಕೆಲಸ ತೋರಿಸಿದರೆ ನೀವು ಅಳೆದದ್ದು ಜೊತೆಗೆ ಅಂಟಿ ಬಂದ ಬೇರೊಂದು ಕೈನೇಸನ್ನು.

ಹಾಗಾದರೆ ಯಾವುದು

ಸುಳಿವೇ ಇಲ್ಲದ ಪ್ರೊಟೀನು, ಎರಡೇ ರಾಸಾಯನಿಕಕ್ಕೆ ಹಣ ಎಂದಾದರೆ ಫಾರ್ಸ್ಕೊಲಿನ್ ಮತ್ತು ಪಿಎಂಎ ಕೊಳ್ಳಿ, ಜೋಡಿ ಅಣುಗಳ ಸಮೇತ. ಎರಡರಲ್ಲಿ ಮೊದಲು ಫಾರ್ಸ್ಕೊಲಿನ್. ಅದರಲ್ಲಿ ಬಂದ ಉತ್ತರ ಚಿಕ್ಕದಾದರೂ ಕವಲುಗಳು ಕಡಿಮೆ. ಫಾಸ್ಫೇಟ್ ಜಾಗದ ಸುತ್ತ ಎಕೆಟಿಯ ಲಕ್ಷಣವಿದ್ದರೆ ಬೇರೇನೂ ಕೊಳ್ಳದೆ ಇನ್ಸುಲಿನ್‌ನಿಂದ ಶುರುಮಾಡಬಹುದು. ಕ್ಯಾಲ್ಮಾಡುಲಿನ್ ಕಟ್ಟುವ ಭಾಗ ಅಥವಾ ಕ್ಯಾಲ್ಸಿಯಂ ಹಿಡಿಯುವ ಇಎಫ್-ಹ್ಯಾಂಡ್ ಇದ್ದರೆ ಅಯನೊಮೈಸಿನ್. ಪಿಎಂಎ ಪ್ರಯೋಗ ಇಆರ್‌ಕೆಯ ಕಡೆ ಬೆರಳು ತೋರಿದ ಮೇಲೆ ಈಜಿಎಫ್ ತರಿಸಿ.

ಎಲ್ಲದಕ್ಕೂ ಪ್ರೊಟೀನ್ ಮೌನವಾಗಿದ್ದರೆ ಪ್ರಮಾಣ ಏರಿಸುವ ಮುನ್ನ ಒಂದು ವೆಲ್‌ಗೆ ಕ್ಯಾಲಿಕ್ಯುಲಿನ್ ಎ 50ರಿಂದ 100 ನ್ಯಾನೊಮೋಲಾರ್, 15 ನಿಮಿಷ ಹಾಕಿ. ಪಿಪಿ1 ಮತ್ತು ಪಿಪಿ2ಎ ಫಾಸ್ಫಟೇಸ್‌ಗಳನ್ನು ತಡೆಯುವುದರಿಂದ, ಸೀರೀನ್ ಅಥವಾ ತ್ರಿಯೋನೀನ್ ಮೇಲೆ ಫಾಸ್ಫೇಟ್ ಕೂರುವ ಪ್ರೊಟೀನಾದರೆ ಫಾಸ್-ಟ್ಯಾಗ್ ಜೆಲ್‌ನಲ್ಲಿ ಸಾಮಾನ್ಯವಾಗಿ ಜರುಗುತ್ತದೆ. ಕೋಶಗಳು ದುಂಡಾಗಿ ಏಳುವುದು ಸಹಜ, ಗಾಬರಿ ಬೇಡ. ಇದರಲ್ಲಿ ಜರುಗಿದರೆ ನೀವು ಇನ್ನೂ ಸರಿಯಾದ ಮಾರ್ಗ ಹುಡುಕಿಲ್ಲ ಎಂದರ್ಥ. ಇಲ್ಲೂ ಜರುಗದಿದ್ದರೆ ಹ್ಯೂಮನ್ ಪ್ರೊಟೀನ್ ಅಟ್ಲಾಸ್‌ನಲ್ಲಿ ಆ ಕೋಶದಲ್ಲಿ ಪ್ರೊಟೀನ್ ನಿಜಕ್ಕೂ ಇದೆಯೇ ನೋಡಿ. ಆಮೇಲೆ ಅದರ ಸಂಗಾತಿ ಪ್ರೊಟೀನ್ ಯಾವುದು ಎಂದು ಹುಡುಕಿ, ಎರಡನ್ನೂ ಒಟ್ಟಿಗೆ ಟ್ರಾನ್ಸ್‌ಫೆಕ್ಟ್ ಮಾಡಿ ಅದೇ ಆರು ವೆಲ್‌ಗಳನ್ನು ಮತ್ತೆ ಹಾಕಿ. ಸೈಕ್ಲಿನ್ ವೈ ಇಲ್ಲದೆ ಸಿಡಿಕೆ16 ಯಾವ ರಾಸಾಯನಿಕಕ್ಕೂ ಏಳುವುದಿಲ್ಲ.